ನಾಲ್ಕನೆಯ ಟ್ರಯಲ್ ರೂಮಿಗೆ ಒಂದು ತಂಬಿಗೆ ಮಜ್ಜಿಗೆ

ನಾಶಿಕದ ಬಟ್ಟೆ ಅಂಗಡಿಯಲ್ಲಿ ನನ್ನ ಚಿಕ್ಕವ್ವನ ದೆವ್ವ ಮಾತಾಡಿದಾಗ ಮೂರನೆಯ ಮಹಡಿಯ ಕೆಲಸದವರಲ್ಲಿ ಕನ್ನಡ ತಿಳಿದವಳು ನಾನೊಬ್ಬಳೇ ಇದ್ದೆ. ಹಾಗಾಗಿ ಅದರ ಮಾತನ್ನು ಮರಾಠಿಯಲ್ಲಿ ತಿಳಿಸಿ ಹೇಳುವ ಕೆಲಸ ನನಗೇ ಬಂತು. ಒಂದು ಮಂಗಳವಾರ ಒಂದು ಸಲ, ಅದೇ ವಾರದ ಶುಕ್ರವಾರ ಇನ್ನೊಂದು ಸಲ. ಎರಡೂ ಸಲ ನಾನು ಒಂದು ಶಬ್ದ ಹೆಚ್ಚು ಮಾಡಲಿಲ್ಲ, ಒಂದು ಶಬ್ದ ಬಿಡಲಿಲ್ಲ. ಈಗಲೂ ಹಾಗೆಯೇ ಬರೆಯಲು ನೋಡುತ್ತೇನೆ. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು, ನಾನೇ ಕಟ್ಟಿ ಹೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆ ಇಡಬೇಕು. ಅವು ಒಂದರೊಳಗೊಂದು ಸೇರಿಹೋದದ್ದರಿಂದಲೇ ಇಷ್ಟೆಲ್ಲ ಆಯಿತು.

ಮೊದಲು ಕೇಳಿದ್ದು. ಆ ಅಂಗಡಿಯ ಕಟ್ಟಡ ಕಟ್ಟಿದವರಲ್ಲಿ ವಿಜಯಪುರದ ಕಡೆಯ ಕೂಲಿಗಳು ಬಹಳ. ನನ್ನ ಅವ್ವ ಮತ್ತು ಅವಳ ತಂಗಿ ಇಬ್ಬರೂ ಅಲ್ಲಿ ಬುಟ್ಟಿ ಹೊತ್ತವರು. ನಾನಾಗ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಹತ್ತನೆಯ ತರಗತಿ ಓದುತ್ತಿದ್ದೆ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡದ ಸಲುವಾಗಿ ಅಕ್ಕ ತಂಗಿಗೆ ಜಗಳವಾಯಿತು. ಅವ್ವನಿಗೆ ಜ್ವರವಿತ್ತು. ಮೂರನೆಯ ಮಹಡಿಯ ಮೇಲೆ ಅವತ್ತು ಅವಳ ಪಾಳಿ. ಚಿಕ್ಕವ್ವ ಮಾತಾಡದೆ ಅವಳ ಬದಲು ತಾನು ಹೋದಳು. ಎದುರಿಗೆ ಸಿಕ್ಕವರನ್ನು ‘ಊಟ ಆತೇನ?’ ಎಂದು ಕೇಳದೆ ಮುಂದೆ ಹೋಗುವ ಹೆಂಗಸಲ್ಲ ಅವಳು. ಬೀದಿ ನಾಯಿಯನ್ನೂ ಕೇಳುತ್ತಿದ್ದಳಂತೆ. ಆ ದಿನ ಜ್ವರದಲ್ಲಿ ಮಲಗಿದ್ದ ಅಕ್ಕನನ್ನು ಮಾತ್ರ ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ಮೇಲೆ ಸೆಂಟ್ರಿಂಗ್ ಹಲಗೆಗಳು ಕುಸಿದವು. ಮೇಲೆ ಉಳಿದಿದ್ದವಳು ಅವಳೊಬ್ಬಳೇ. ಹಲಗೆ ಸರಿಸಿ ನೋಡುವಷ್ಟರಲ್ಲಿ ಕಾಲು ಸಿಕ್ಕಿಕೊಂಡಿತ್ತು, ಜೀವ ಇರಲಿಲ್ಲ. ಕೊನೆಗೆ ಏನಾದರೂ ಅಂದಳೋ ಇಲ್ಲವೋ ಯಾರೂ ಕೇಳಿಲ್ಲ. ಅಂದಿನಿಂದ ಅವ್ವನದು ಒಂದೇ ಮಾತು: “ನನ್ನ ಮ್ಯಾಲ ಸಿಟ್ಟ ಇಟಗೊಂಡ ಹ್ವಾದ್ಲು.”

ಅವ್ವ ಕಟ್ಟಡದ ಕೆಲಸ ಬಿಟ್ಟಳು. ಪಂಚವಟಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ ಮೆಸ್ಸುಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಡತೊಡಗಿದಳು. ಆ ಕಟ್ಟಡವಿರುವ ರಸ್ತೆಗೆ ಹೋಗುತ್ತಿರಲಿಲ್ಲ. ಸಂತೆಗೆ ಹೋಗಲೂ ಸುತ್ತು ಹಾಕಿ ಹೋಗುತ್ತಿದ್ದಳು. ಓದು ಮುಗಿಸಿ ನಾನೂ ನಾಶಿಕಕ್ಕೆ ಬಂದೆ. ನನಗೆ ಕೆಲಸ ಅದೇ ಅಂಗಡಿಯಲ್ಲಿ ಸಿಕ್ಕಿತು ಎಂದಾಗ ಬಹಳ ಹೊತ್ತು ಹಿಟ್ಟು ನಾದುತ್ತಲೇ ಇದ್ದಳು. ಆಮೇಲೆ, “ಎಷ್ಟನೇ ಮಜಲಾ?” ಎಂದು ಕೇಳಿದಳು. ನಾನು ಒಂದನೆಯದು ಎಂದೆ. ಅದು ಸುಳ್ಳು. ನನ್ನನ್ನು ಹಾಕಿದ್ದು ಮೂರನೆಯ ಮಹಡಿಗೆ, ಹೊಲಿದ ಡ್ರೆಸ್ಸುಗಳ ವಿಭಾಗಕ್ಕೆ. ಅಲ್ಲಿ ಸಾಲಾಗಿ ನಾಲ್ಕು ಟ್ರಯಲ್ ರೂಮುಗಳಿದ್ದವು.

ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಒಬ್ಬ ಮರಾಠಿ ಹೆಂಗಸು, ನನ್ನದೇ ವಯಸ್ಸಿನವಳು. ಅವಳನ್ನು ಇಲ್ಲಿ ಗೆಳತಿ ಎಂದೇ ಬರೆಯುತ್ತೇನೆ. ಬೇರೆ ಪದ ಇನ್ನೂ ಸಿಕ್ಕಿಲ್ಲ. ಐದು ವರ್ಷ ಒಂದೇ ಡಬ್ಬಿಯಿಂದ ಉಂಡೆವು. ನನ್ನ ರೊಟ್ಟಿ ಅವಳಿಗೆ, ಅವಳ ಗೋಧಿಯ ಪೋಳಿ ನನಗೆ. ಉಣ್ಣುವಾಗ ಅವಳು ಕನ್ನಡ ಕಲಿಯುತ್ತಿದ್ದಳು. ಮೊದಲು ಕಲಿಸಿದ್ದು ‘ಊಟ ಆತೇನ?’ ಯಾರಿಗಾದರೂ ನಾವು ಮೊದಲು ಕಲಿಸುವುದು ಅದೇ. ಅವಳು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಲಿಫ್ಟಿನಿಂದ ಹೊರಗೆ ಬರುತ್ತಲೇ ಹಾಗೆ ಕೂಗುತ್ತಿದ್ದಳು.

“ಹತ್ತು ಗಂಟೆಗೆ ಎಂಥ ಊಟ ಗ?” ಎಂದು ನಾನು ಮರಾಠಿಯಲ್ಲಿ, ಗೆಳತಿಯರು ಒಬ್ಬರಿಗೊಬ್ಬರು ಅನ್ನುವ ‘ಗ’ ಸೇರಿಸಿ, ಬಯ್ಯುತ್ತಿದ್ದೆ.

“ನನಗೆ ಬರೋದೇ ಅಷ್ಟು ಗ! ನಾಷ್ಟಾಕ್ಕೆ ಬೇರೆ ಕಲಿಸು ಮತ್ತೆ.”

ವಾರಕ್ಕೊಮ್ಮೆ ಟೆಂಪೋದಿಂದ ರಟ್ಟಿನ ಪೆಟ್ಟಿಗೆ ಹೊತ್ತು ತರುವ ಹಮಾಲರು ನಮ್ಮ ಕಡೆಯವರು. ಅವರು ಎಲ್ಲವನ್ನೂ ಟ್ರಯಲ್ ರೂಮಿನ ಬಾಗಿಲಿಗೇ ಒಟ್ಟುತ್ತಿದ್ದರು. ಅವರಿಗೆ ಹೇಳಲೆಂದು ‘ಇಲ್ಲೆ ಇಡಬ್ಯಾಡ್ರಿ’ ಎಂಬುದನ್ನೂ ಕಲಿತಳು. ಹಮಾಲರು ನಗುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಮಳೆಗಾಲದ ಮಧ್ಯಾಹ್ನ, ಗಿರಾಕಿ ಇಲ್ಲದಾಗ, ಚಿಕ್ಕವ್ವನ ಸಂಗತಿ ಅವಳಿಗೆ ಹೇಳಿದೆ. ಯಾರಿಗೂ ಹೇಳಬೇಡ ಎಂದೆ. ಅವಳು ತನ್ನ ಮಗಳ ಆಣೆ ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: “ಕೊನೆಗೆ ಏನಂದಳು ಗ?”

ಈಗ ನಾನೇ ಕಟ್ಟಿದ್ದನ್ನು ಬರೆಯಬೇಕು. ಯಾರೂ ಕೇಳಲಿಲ್ಲ, ಒಬ್ಬಳೇ ಸತ್ತಳು ಎಂದು ಹೇಳಲು ನನಗೆ ಆಗಲಿಲ್ಲ. ಗೆಳತಿ ಅಷ್ಟು ಅಳುತ್ತಿದ್ದಳು, ಏನಾದರೂ ಕೊಡಬೇಕು ಅನ್ನಿಸಿತು. “ಕಾಲು ಸಿಕ್ಕಿಕೊಂಡಿದೆ ಅಂದಳಂತೆ. ಮಜ್ಜಿಗೆ ಕೇಳಿದಳಂತೆ” ಎಂದೆ. ಮಜ್ಜಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮ ಡಬ್ಬಿಯ ಪಕ್ಕ ಬಾಟಲಿಯಲ್ಲಿ ಇತ್ತು, ಅದಕ್ಕೇ ಇರಬಹುದು. ನಾನೊಬ್ಬಳೇ ಕುಡಿಯುತ್ತಿದ್ದೆ. ಅವಳಿಗೆ ಮಜ್ಜಿಗೆ ಕುಡಿದರೆ ಕೆಮ್ಮು.

“ನಿಮ್ಮ ಭಾಷೆಯಲ್ಲಿ ಹೇಗೆ ಹೇಳಿರ್ತಾಳೆ?” ಎಂದಳು. ಹೇಳಿಕೊಟ್ಟೆ. ಅವಳು ಮೆಲ್ಲಗೆ ಎರಡು ಸಲ ಅಂದು ನೋಡಿದಳು. ಪ್ರೀತಿಯಿಂದ ಕೇಳುತ್ತಿದ್ದಾಳೆ ಎಂದುಕೊಂಡೆ. ಆಗ ಪ್ರೀತಿಯೇ ಇದ್ದಿರಬಹುದು. ಅದನ್ನು ಇಂದಿಗೂ ನಿರ್ಧರಿಸಲಾಗಿಲ್ಲ.

ಮುಂದಿನ ತಿಂಗಳು ಅಂಗಡಿಯವರು ನಾಲ್ಕೈದು ತಾಸಿನ ದಾರಿಯ ಸಂಭಾಜಿನಗರದಲ್ಲಿ ಹೊಸ ಶಾಖೆ ತೆರೆಯುವ ಸುದ್ದಿ ಬಂತು. ನಮ್ಮ ಮಹಡಿಯಿಂದ ಅನುಭವವಿರುವ ಒಬ್ಬರು ಹೋಗಬೇಕು. ಅಂದರೆ ಅವಳು, ಇಲ್ಲ ನಾನು. ಅವಳ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ನನ್ನ ಅವ್ವ ಒಬ್ಬಳೇ. ಇಬ್ಬರಿಗೂ ಹೋಗುವುದು ಬೇಡವಾಗಿತ್ತು. ಆದರೆ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಮ್ಯಾನೇಜರ ಹತ್ತಿರ ಹೋಗಿ ಅಳುವುದಿಲ್ಲ ಎಂದು ಮಾತು ಮಾಡಿಕೊಂಡೆವು. ಡಬ್ಬಿಯ ಮೇಲೆ ಕೈ ಇಟ್ಟು.

ಅದೇ ಹೊತ್ತಿಗೆ ಮೂರನೆಯ ಮಹಡಿ ಕೆಟ್ಟಿತು. ಬೆಳಿಗ್ಗೆ ಬಂದರೆ ಡ್ರೆಸ್ಸು ತೊಡಿಸಿದ ಗೊಂಬೆಗಳೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ಯಾರೂ ಒತ್ತದೆ ಲಿಫ್ಟು ಬಂದು ಬಾಗಿಲು ತೆರೆದು ಮುಚ್ಚಿಕೊಳ್ಳುತ್ತಿತ್ತು. ನಾಲ್ಕನೆಯ ಟ್ರಯಲ್ ರೂಮಿನ ಚಿಲಕ ಒಳಗಿನಿಂದ ಹಾಕಿಕೊಂಡಿರುತ್ತಿತ್ತು, ಬಗ್ಗಿ ನೋಡಿದರೆ ಕೆಳಗೆ ಕಾಲುಗಳಿಲ್ಲ. ಇದಿಷ್ಟನ್ನು ನಾನೇ ಕಂಡಿದ್ದೇನೆ. ಅಲ್ಲಿ ಕೂಲಿ ಹೆಂಗಸೊಬ್ಬಳು ಸತ್ತಿದ್ದಳು ಎಂಬ ಮಾತು ಕೆಳಗಿನ ಮಕ್ಕಳ ವಿಭಾಗದವರೆಗೂ ಹೋಗಿತ್ತು. ಹೇಗೆ ಹೋಯಿತು ಎಂದು ಗೆಳತಿಯನ್ನು ಕೇಳಿದೆ. “ಗೋಡೆಗೆ ಕಿವಿ ಇರ್ತಾವ್ ಗ” ಎಂದಳು. ನಂಬಿದೆ.

ಮ್ಯಾನೇಜರು ನಾಶಿಕದವರೇ, ಒಳ್ಳೆಯ ಮನುಷ್ಯ, ಅಂಜುಬುರುಕ. ಹಬ್ಬದ ಸೇಲು ಹತ್ತಿರ ಬಂದಿತ್ತು. ಅವರು ನಾಲ್ಕನೆಯ ರೂಮಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿ, ಗಿರಾಕಿ ಗಾಬರಿಯಾಗಬಾರದೆಂದು ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿದರು. ಒಬ್ಬ ಹೆಂಗಸು ಚೀಟಿ ಓದಿ, “ಏನು ದುರಸ್ತಿ? ನಿಂಬೆಹಣ್ಣಿನಿಂದ ಕನ್ನಡಿ ರಿಪೇರಿ ಆಗ್ತದಾ?” ಎಂದು ಕೇಳಿದಳು.

ಆ ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ ನಾನು ದುಪಟ್ಟಾಗಳನ್ನು ಮಡಚುತ್ತಿದ್ದೆ. ನಾಲ್ಕನೆಯ ಟ್ರಯಲ್ ರೂಮಿನ ಕಡೆಯಿಂದ ಕಿರುಚಿದ್ದು ಕೇಳಿಸಿತು. ಓಡಿ ಹೋದೆ. ಗೆಳತಿ ನೆಲದ ಮೇಲೆ ಕೂತಿದ್ದಳು. ಕೂದಲು ಬಿಚ್ಚಿತ್ತು, ತಲೆ ತಿರುಗಿಸುತ್ತಿದ್ದಳು. “ಅಂಗಾತ ಆಲಂ, ಅಂಗಾತ ಆಲಂ” ಎಂದು ಎಲ್ಲರೂ ಹಿಂದೆ ಸರಿದರು. ಮೈಮೇಲೆ ಬಂತು ಎಂದರ್ಥ. ಆಗ ಅವಳ ಬಾಯಿಂದ ಕನ್ನಡ ಬಂತು.

“ಕಾಲ ಸಿಕ್ಕೊಂಡೈತಿ. ಕಾಲ ಸಿಕ್ಕೊಂಡೈತಿ.”

ಇದನ್ನೂ ಬರೆಯಲೇಬೇಕು. ಒಂದು ಕ್ಷಣ, ಹೆಚ್ಚೆಂದರೆ ಎರಡು ಕ್ಷಣ, ಅದು ಚಿಕ್ಕವ್ವನೇ ಎಂದು ನಂಬಿದೆ.

ಮ್ಯಾನೇಜರು ದೂರದಿಂದ, ಎರಡು ಗೊಂಬೆಗಳ ನಡುವೆ ನಿಂತು ಕೇಳಿದರು: “ಕೋಣತೀ ಭಾಷಾ ಆಹೇ ಹೀ? ಇದು ಯಾವ ಭಾಷೆ?”

ಯಾರೋ ನನ್ನನ್ನು ಮುಂದೆ ತಳ್ಳಿದರು. “ಇವಳದು ಸಾರ್. ಇವಳ ಭಾಷೆ.”

“ಮ್ಯಾಡಮ್, ಏನಂತಾರೆ ಅವರು?”

“ಕಾಲು ಸಿಕ್ಕಿಕೊಂಡಿದೆ ಅಂತಾರೆ.”

“ಯಾವುದರಲ್ಲಿ ಅಂತ ಕೇಳಿ. ಲಿಫ್ಟಿನಲ್ಲಾ?”

ನಾನು ಕೇಳುವ ಮೊದಲೇ ಗೆಳತಿ ಅಂದಳು: “ಮಜ್ಜಿಗಿ ಕೊಡ್ರಿ.”

ಅಲ್ಲಿಗೆ ನನಗೆ ಗೊತ್ತಾಯಿತು. ಸತ್ತವಳು ಮಜ್ಜಿಗೆ ಕೇಳಿರಲಿಲ್ಲ. ಆ ಮಜ್ಜಿಗೆ ನನ್ನದು. ಭೂಮಿಯ ಮೇಲೆ ಅದನ್ನು ಹೇಳಿದವಳು ನಾನೊಬ್ಬಳು, ಕೇಳಿದವಳು ಇವಳೊಬ್ಬಳು. ಗೊಂಬೆಗಳ ಮುಖ ಯಾರು ತಿರುಗಿಸಿದ್ದರು, ಒಳಗಿನಿಂದ ಚಿಲಕ ಹಾಕಿ ಬಾಗಿಲ ಕೆಳಗಿನಿಂದ ಯಾರು ನುಸುಳಿ ಬರುತ್ತಿದ್ದರು ಎಂಬುದೂ ಆಗಲೇ ಹೊಳೆಯಿತು. ಅವಳು ದಿನಾ ನನಗಿಂತ ಹತ್ತು ನಿಮಿಷ ಮೊದಲು ಬರತೊಡಗಿದ್ದಳು.

“ಮ್ಯಾಡಮ್?”

“ಮಜ್ಜಿಗೆ ಕೇಳ್ತಿದ್ದಾರೆ” ಎಂದೆ.

“ಸಾದಾನಾ, ಮಸಾಲಾನಾ ಕೇಳಿ” ಎಂದರು ಮ್ಯಾನೇಜರು. ತಮಾಷೆ ಮಾಡುತ್ತಿರಲಿಲ್ಲ. ಯಾರೋ ಆಗಲೇ ಎದುರಿನ ಡೇರಿಗೆ ಓಡಿದ್ದರು. “ಮತ್ತೆ ಕೇಳಿ, ಹಬ್ಬದವರೆಗೆ ಸುಮ್ಮನಿರೋದಕ್ಕೆ ಇನ್ನೇನು ಬೇಕು ಅವರಿಗೆ?”

ನಾನು ಕನ್ನಡದಲ್ಲಿ ಕೇಳಿದೆ: “ಏನ ಬೇಕು ನಿನಗ?” ಗೆಳತಿಗೆ ತಿಳಿಯಲಿಲ್ಲ. ಆದರೂ ತಲೆ ಎತ್ತಿದಳು. ಕಣ್ಣು ಅರ್ಧ ಮುಚ್ಚಿದ್ದವು. ಕೈ ಚಾಚಿ ನನ್ನ ಎದೆಯ ಕಡೆ ಬೆರಳು ತೋರಿಸಿದಳು.

“ಇಲ್ಲೆ ಇಡಬ್ಯಾಡ್ರಿ.”

ಪೆಟ್ಟಿಗೆಗಳಿಗೆ ಹೇಳುತ್ತಿದ್ದ ಅದೇ ದನಿ. ಮ್ಯಾನೇಜರು ನನ್ನ ಮುಖ ನೋಡುತ್ತ ಕಾದರು. ಎರಡು ದಾರಿಗಳಿದ್ದವು. ಇವಳು ಆಟ ಕಟ್ಟಿದ್ದಾಳೆ ಎನ್ನಬಹುದಿತ್ತು. ಹೇಗೆ ಗೊತ್ತು ಎಂದರೆ, ಸತ್ತ ಚಿಕ್ಕವ್ವನ ಬಾಯಿಗೆ ನಾನೇ ಸುಳ್ಳು ಮಾತು ಇಟ್ಟಿದ್ದೆ ಎಂದು ಎಲ್ಲರೆದುರು ಹೇಳಬೇಕಿತ್ತು. ಇಲ್ಲವೇ, ಕೇಳಿದ್ದನ್ನು ಕೇಳಿದ ಹಾಗೆ ಹೇಳಬಹುದಿತ್ತು.

“ಇಲ್ಲಿ ಇಡಬೇಡಿ ಅಂತಾರೆ” ಎಂದೆ. ಬೆರಳು ತೋರಿಸಿದ್ದಕ್ಕೂ ಅರ್ಥ ಹೇಳಬೇಕಿತ್ತು. “ನನ್ನನ್ನ.”

ಬೆನ್ನ ಹಿಂದೆ ಹೋಗಿ ಅಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅದನ್ನು ಮುರಿಯಲಿಲ್ಲ. ನನ್ನ ಮುಂದೆಯೇ, ನನ್ನ ಚಿಕ್ಕವ್ವನಿಂದ, ನನ್ನ ಭಾಷೆಯಲ್ಲಿ ಹೇಳಿಸಿದಳು. ಮರಾಠಿಗೆ ಮಾಡುವ ಕೆಲಸವನ್ನೂ ನನಗೇ ಬಿಟ್ಟಳು.

ಈ ಸುದ್ದಿ ಅವ್ವನನ್ನು ಮುಟ್ಟುತ್ತದೆ ಎಂದು ನಾನು ಎಣಿಸಿರಲಿಲ್ಲ. ಬುಧವಾರ ಪೆಟ್ಟಿಗೆ ತಂದ ಹಮಾಲರು ಕೇಳಿಸಿಕೊಂಡರು. ಅವರು ಉಣ್ಣುವುದು ಅವ್ವನ ರೊಟ್ಟಿ ಹೋಗುವ ಮೆಸ್ಸಿನಲ್ಲಿ. ಗುರುವಾರ ಸಂಜೆ ನಾನು ಮನೆಗೆ ಬಂದಾಗ ಅವ್ವ ಹೆಪ್ಪು ಹಾಕಿದ ಹಾಲಿನ ಪಾತ್ರೆಯ ಮುಂದೆ ಕೂತಿದ್ದಳು.

“ಮೂರನೇ ಮಜಲೆದಾಗ ಕೆಲಸಾ ಮಾಡತಿ, ಒಂದನೇದಂತ ಹೇಳಿದಿ” ಎಂದಳು.

“ಹೌದವ್ವಾ.”

“ಇರಲಿ. ಮಜ್ಜಿಗಿ ಬೇಡ್ಯಾಳಂತ, ಖರೆ ಏನ?”

ಆಗ ಹೇಳಬೇಕಿತ್ತು. ಅವ್ವನ ಮುಖ ನೋಡಿದೆ. ಹನ್ನೆರಡು ವರ್ಷದಿಂದ ತಂಗಿಯ ಬಾಯಿಂದ ಒಂದು ಮಾತಿಗಾಗಿ ಕಾದ ಮುಖ. “ಹಂಗ ಅಂದ್ಲು” ಎಂದೆ. ಯಾರು ಅಂದಳು ಎಂದು ಹೇಳಲಿಲ್ಲ.

ಶುಕ್ರವಾರ ಅಂಗಡಿ ತೆರೆಯುತ್ತಲೇ ಅವ್ವ ಬಂದಳು. ತಾನು ಕಟ್ಟಿದ ಕಟ್ಟಡದೊಳಗೆ ಅದೇ ಮೊದಲ ಸಲ ಗಿರಾಕಿಯ ಬಾಗಿಲಿನಿಂದ. ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದರಲ್ಲಿ ಉಡಿ ತುಂಬುವ ಸಾಮಾನಿನ ಚೀಲ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು. ಲಿಫ್ಟು ಬೇಡವೆಂದು ಮೆಟ್ಟಿಲು ಹತ್ತಿದಳು. ಮೂರನೆಯ ಮಹಡಿಯಲ್ಲಿ ಸುತ್ತಲೂ ನೋಡಿ, ಕನ್ನಡಿಗಳನ್ನು, ದೀಪಗಳನ್ನು ನೋಡಿ, “ಇಲ್ಲೇ ಏನು? ಗುರ್ತ ಹತ್ತವಲ್ದು” ಎಂದಳು.

ಮ್ಯಾನೇಜರಿಗೆ ಬಹಳ ಸಮಾಧಾನವಾಯಿತು. ದೆವ್ವದ ಸ್ವಂತ ಅಕ್ಕ ಬಂದಿದ್ದರು. ಉಡಿಗೆ ಕುಬಸದ ಖಣ ಇಲ್ಲವೆಂದು ತಿಳಿದು ಅಂಗಡಿಯಿಂದಲೇ ಹಸಿರು ಖಣ ತರಿಸಿದರು. ಆಮೇಲೆ ಗೆಳತಿಯನ್ನು ಕರೆದರು. “ನೀನು ಅಲ್ಲಿ ಕೂತ್ಕೋ. ಇವಳ ಚಿಕ್ಕವ್ವ ಬರೋದು ನಿನ್ನ ಮೈಮೇಲೆ ತಾನೇ?”

ಗೆಳತಿ, “ಸಾರ್, ಇವತ್ತು ನನಗೆ ಹುಷಾರಿಲ್ಲ” ಎಂದಳು.

“ಅದಕ್ಕೇ ಕೂತ್ಕೋ.”

ಅವಳು ನನ್ನ ಕಡೆ ನೋಡಿದಳು. ನಾನು ಟೈಲ್ಸಿನ ಸಂದು ನೋಡುತ್ತ ನಿಂತೆ.

ಅವ್ವ ಅವಳ ಹಣೆಗೆ ಕುಂಕುಮ ಹಚ್ಚಿದಳು. ಉಡಿ ತುಂಬಿದಳು. ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಆಮೇಲೆ ಎರಡೂ ಕೈಯಿಂದ ಗೆಳತಿಯ ಕಾಲು ಹಿಡಿದುಕೊಂಡಳು.

“ತಂಗೀ, ನಂದ ತಪ್ಪಾತು. ಕೊಡದ ಸಲವಾಗಿ ಮಾತ ಬೆಳಿಸಿದ್ನಿ. ನನ್ನ ಪಾಳಿಗೆ ನೀ ಹ್ವಾದಿ. ಹೋಗು ಮುಂದ ಒಂದ ಮಾತ ಸೈತ ಆಡಲಿಲ್ಲ. ಸಿಟ್ಟ ಐತೇನ ನನ್ನ ಮ್ಯಾಲ? ಹೇಳಬಿಡವ್ವಾ, ಏನ ಇದ್ರೂ ಹೇಳಬಿಡು.”

ಗೆಳತಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಅವಳ ಕನ್ನಡ ಅಷ್ಟು ದೂರ ಬಂದಿರಲಿಲ್ಲ. ಮತ್ತೆ ನನ್ನ ಕಡೆ ನೋಡಿದಳು, ಈ ಸಲ ಕಣ್ಣು ಪೂರ್ತಿ ತೆರೆದು. ಅವ್ವ ಕಾಲು ಬಿಡಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು, ಗೆಳತಿಯ ಆಟವೂ, ಅವ್ವನ ಆಸೆಯೂ. ನಾನು ಹೇಳಲಿಲ್ಲ. ಗೆಳತಿ ತನ್ನಲ್ಲಿ ಉಳಿದಿದ್ದ ಒಂದೇ ವಾಕ್ಯವನ್ನು ಹೇಳಿದಳು.

“ಊಟ ಆತೇನ?”

ಚಿಕ್ಕವ್ವ ಆ ಬೆಳಿಗ್ಗೆ ಕೇಳದೆ ಹೋದ ಮಾತು ಅದು ಎಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಇದನ್ನು ಎಷ್ಟೋ ಸಲ ನೆನಪು ಮಾಡಿಕೊಂಡು ಖಾತ್ರಿ ಮಾಡಿಕೊಂಡಿದ್ದೇನೆ. ಹೇಳಿರಲಿಲ್ಲ. ನಾನು ಕಲಿಸಿದ ಮೊದಲ ವಾಕ್ಯ ಅದು, ಗಾಬರಿಯಲ್ಲಿ ಅದೇ ಬಾಯಿಗೆ ಬಂತು. ಇಷ್ಟೇ ಕಾರಣ ಸಾಕು. ಬೇರೆ ಕಾರಣ ನಾನು ಹುಡುಕುವುದಿಲ್ಲ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ಆತವ್ವಾ. ಆತು. ಉಂಡೀನಿ. ನೀ ಕುಡಿ” ಎಂದು ತಂಬಿಗೆಯನ್ನು ಗೆಳತಿಯ ತುಟಿಗೆ ಹಿಡಿದಳು.

“ಏನಂದರು?” ಮ್ಯಾನೇಜರು ಪಿಸುಗುಟ್ಟಿದರು.

“ಊಟ ಆಯಿತಾ ಅಂತ ಕೇಳಿದರು.”

ಅವರು ಗಡಿಯಾರ ನೋಡಿಕೊಂಡರು. “ಇನ್ನೂ ಹನ್ನೊಂದೂ ಆಗಿಲ್ಲ ಅಂತ ತಿಳಿಸಿ ಹೇಳಿ.”

ಗೆಳತಿ ತಂಬಿಗೆ ಪೂರ್ತಿ ಕುಡಿದಳು. ಅವ್ವ ಇಳಿಸಲು ಬಿಡಲಿಲ್ಲ. ಕೆಮ್ಮು ಬಂದಾಗ ಅವ್ವ ಬೆನ್ನು ನೀವಿದಳು. ಪ್ರಸಾದವೆಂದು ಹಸಿರು ಖಣವನ್ನು ಗೆಳತಿಯ ಉಡಿಯಿಂದ ವಾಪಸು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಹೊರಗೆ ಹೋಗುವಾಗ ಬಾಗಿಲಲ್ಲಿ ಕಳ್ಳರನ್ನು ಹಿಡಿಯಲು ಇಟ್ಟ ಗಂಟೆ ಒಮ್ಮೆಲೇ ಕೂಗಿಕೊಂಡಿತು. ನೆಲಮಹಡಿಯವರೆಲ್ಲ ಚೀರಿದರು. ಒಬ್ಬಳು ಮಕ್ಕಳ ಫ್ರಾಕುಗಳ ಸಾಲಿನೊಳಗೆ ನುಗ್ಗಿ ಅಡಗಿಕೊಂಡಳು. ಖಣಕ್ಕೆ ಹಾಕಿದ್ದ ಪ್ಲಾಸ್ಟಿಕ್ ಬಿಲ್ಲೆ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಅವ್ವ ಮಾತ್ರ ಅಂಜಲಿಲ್ಲ. ಹಿಂದೆ ತಿರುಗಿ, ಮೇಲಿನ ಮಹಡಿಯ ಕಡೆ ನೋಡಿ, “ಬರತೀನಿ, ಬರತೀನಿ, ಮುಂದಿನ ವಾರಾ” ಎಂದಳು.

ಮಧ್ಯಾಹ್ನ ಮೆಟ್ಟಿಲ ಮೇಲೆ ಗೆಳತಿಯನ್ನು ತಡೆದು ನಿಲ್ಲಿಸಿದೆ. ಏನೇನೋ ಹೇಳಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಒಂದೇ: “ನಿನಗೆ ನಾನು ಕಲಿಸಿದ್ದೆ.”

“ಮಗ ಕಾಯ? ಅದಕ್ಕೇನು? ನೀನೇ ಹೇಳಿದ್ದು, ನೀನೇ ಕಲಿಸಿದ್ದು. ನಾನು ಹೊರಗಿನಿಂದ ಏನಾದರೂ ತಂದೆನಾ?” ಎಂದಳು. ಆಮೇಲೆ ದನಿ ಇಳಿಯಿತು. “ನನ್ನ ಮಗಳಿಗೆ ಆರು ವರ್ಷ ಗ. ನಿನಗೆ ಯಾರಿದ್ದಾರೆ ಹಾಗೆ?” ಕೆಮ್ಮಿದಳು. ಹೋಗುತ್ತ ಒಂದು ಮೆಟ್ಟಿಲು ಇಳಿದು ನಿಂತು ಕೇಳಿದಳು: “ನಿನ್ನ ಆಯಿ ನನ್ನ ಕಾಲು ಹಿಡಿದು ಏನಂದಳು?”

ನಾನು ಹೇಳಲಿಲ್ಲ. ಅದೊಂದನ್ನು ಅವಳಿಗೆ ಕೊಡಲಿಲ್ಲ.

ದೆವ್ವ ಹೇಳಿದಂತೆಯೇ ಆಯಿತು. ಹಬ್ಬಕ್ಕೆ ಮೊದಲೇ ನನ್ನನ್ನು ಸಂಭಾಜಿನಗರಕ್ಕೆ ಹಾಕಿದರು. ಅವ್ವನನ್ನು ಕರೆದೊಯ್ಯುವ ವಿಚಾರ ಮಾಡಿದ್ದೆ. ಬಸ್ಸಿಗೆ ಎರಡು ಸೀಟು ಹಿಡಿಯುತ್ತೇನೆ ಎಂದಾಗ ಅವ್ವ ನನ್ನನ್ನು ಹುಚ್ಚಿಯಂತೆ ನೋಡಿದಳು. “ಇಷ್ಟ ವರ್ಷಕ್ಕ ನನ್ನ ಕೂಡ ಮಾತಾಡ್ಯಾಳ. ಈಗ ಬಿಟ್ಟ ಬರಲೇನ?” ದಾರಿಯಲ್ಲಿ ಯೇವಲಾ ಊರು ಬರುವವರೆಗೂ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಸೀರೆ ಗಂಟಿನವರೊಬ್ಬರು ಹತ್ತಿ ಕೂತರು.

ಇಲ್ಲಿಯದು ಹೊಸ ಕಟ್ಟಡ. ಊರ ಹೊರಗಿನ ಶೇಂದ್ರಾ ಕಾರ್ಖಾನೆಗಳ ಕೆಲಸಗಾರರು ರವಿವಾರ ಹೆಂಡತಿ ಮಕ್ಕಳೊಂದಿಗೆ ಬರುತ್ತಾರೆ. ಗೊಂಬೆಗಳು ನಿಲ್ಲಿಸಿದ ಕಡೆಗೇ ಮುಖ ಮಾಡಿ ನಿಲ್ಲುತ್ತವೆ. ಮಧ್ಯಾಹ್ನ ಒಬ್ಬಳೇ ಡಬ್ಬಿ ಬಿಚ್ಚುತ್ತೇನೆ. ಕನ್ನಡ ಕಲಿಸು ಎಂದು ಇಲ್ಲಿಯ ಒಬ್ಬಳು ಕೇಳಿದಳು. ನನಗೇ ಸರಿಯಾಗಿ ಬರುವುದಿಲ್ಲ ಎಂದು ಹೇಳಿಬಿಟ್ಟೆ.

ಅವ್ವ ಪ್ರತಿ ಶುಕ್ರವಾರ ಬೆಳಿಗ್ಗೆ ಆ ಅಂಗಡಿಗೆ ಹೋಗುತ್ತಾಳೆ. ಮ್ಯಾನೇಜರು ಒಪ್ಪಿಗೆ ಕೊಟ್ಟಿದ್ದಾರೆ. ಅವಳು ಬರತೊಡಗಿದ ಮೇಲೆ ಮೂರನೆಯ ಮಹಡಿಯಲ್ಲಿ ಯಾವ ತೊಂದರೆಯೂ ಇಲ್ಲವಂತೆ. ಗೆಳತಿ ನಾಲ್ಕನೆಯ ರೂಮಿನ ಮುಂದೆ ಕೂತು ಮಜ್ಜಿಗೆ ಕುಡಿಯುತ್ತಾಳೆ. ತಪ್ಪಿಸಿಕೊಳ್ಳುವ ಹಾಗಿಲ್ಲ. ಹೋಗಿ ಬಂದ ಮೇಲೆ ಅವ್ವ ನನಗೆ ಫೋನ್ ಮಾಡುತ್ತಾಳೆ. ಅವಳ ದನಿಯಲ್ಲಿ ಹನ್ನೆರಡು ವರ್ಷ ಇದ್ದ ಕೊರಗು ಈಗ ಇಲ್ಲ. ಅದಕ್ಕೇ ನಾನು ಬಾಯಿ ಬಿಡುವುದಿಲ್ಲ.

ಹೋದ ಶುಕ್ರವಾರ ಫೋನಿನಲ್ಲಿ ಅವ್ವ ಬಹಳ ಖುಷಿಯಾಗಿದ್ದಳು.

“ಇವತ್ತ ಭಾಳ ಚಲೋ ಮಾತಾಡಿದ್ಲು ನೋಡು ನಿಮ್ಮ ಚಿಕ್ಕವ್ವ. ಮೊದಲಿನಕಿಂತ ಬಾಯಿ ತಿಳಿಯಾಗೈತಿ. ನಿನ್ನನ್ನೂ ಕೇಳಿದ್ಲು.”

“ಏನಂತ?”

“‘ಹುಡುಗಿ ಆರಾಮ ಅದಾಳೇನ?’ ಅಂತ.”

ಆ ವಾಕ್ಯವನ್ನು ನಾನು ಗೆಳತಿಗೆ ಕಲಿಸಿರಲಿಲ್ಲ. ಅವ್ವನಿಂದ ಕೇಳಿ ಕೇಳಿ ಕಲಿತಿರಬೇಕು. ಕಲಿತು, ಎಲ್ಲಿ ಹೇಳಬೇಕೆಂದು ಯೋಚಿಸಿ, ಅಲ್ಲಿ ಹೇಳಿದ್ದಾಳೆ. ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಯವ್ವಾ, ಕೇಳಸ್ತೇನ? ಮುಂದಿನ ವಾರಾ ಹ್ವಾದಾಗ ಏನಂತ ಹೇಳಲಿ ಆಕಿಗೆ?”

ಗಿರಾಕಿಗಳು ಬರತೊಡಗಿದ್ದರು. ಅವ್ವ ಕಾದಳು.

“ಆಕಿ ಕೇಳಿದ್ದು ಗೊತ್ತಾತಂತ ಹೇಳವ್ವಾ” ಎಂದೆ. “ಅಷ್ಟ ಹೇಳು.”